ಕೆಮ್ಮು ನಿಂತರೆ ತಮ್ಮ ಬರಬೇಕು

ನನ್ನ ಕೆಲಸದಲ್ಲಿ ಇಂಥವು ಆಗುತ್ತಲೇ ಇದ್ದವು. ನನ್ನ ಹೆಂಡತಿಯ ಪ್ರಕಾರ ಅರ್ಧ ತಾವಾಗಿ ಆಗುತ್ತಿದ್ದವು, ಇನ್ನರ್ಧ ನಾನೇ ಆಗಿಸುತ್ತಿದ್ದೆ. ಇದು ಅನ್ಯಾಯದ ಮಾತು. ಕಾಲು ಭಾಗ ನಾನು ಆಮೇಲೆ ಸೇರಿಸಿದ್ದು, ಅದನ್ನು ಅವಳು ಲೆಕ್ಕಕ್ಕೇ ಹಿಡಿದಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಅಹಮದಾಬಾದಿನ ಒಂದು ಕಂಪ್ಯೂಟರ್ ಕಂಪನಿಯಲ್ಲಿದ್ದೆ. ವಡೋದರಾ, ಸೂರತ್ ಎಂದು ವಾರಕ್ಕೆರಡು ಸಲ ರೈಲು. ಡೇಟಾಬೇಸ್ ನಿಲ್ಲದಂತೆ ನೋಡಿಕೊಳ್ಳುವುದು ನಮ್ಮ ಕಸುಬು. ಒಂದೇ ಕೆಲಸಕ್ಕೆ ಎರಡು ಯಂತ್ರ ಜೋಡಿಸುತ್ತಿದ್ದೆವು. ಒಂದು ದುಡಿಯುತ್ತದೆ, ಇನ್ನೊಂದು ಕಾದು ಕೂತಿರುತ್ತದೆ. ದುಡಿಯುವುದು ಬಿದ್ದರೆ ಕಾದಿದ್ದು ಎದ್ದು ಕೆಲಸ ಎತ್ತಿಕೊಳ್ಳುತ್ತದೆ. ಈ ಜೋಡಿಗೆ ಕ್ಲಸ್ಟರ್ ಎಂದು ಹೆಸರು. ಯಾವುದು ಬಿತ್ತು ಎಂದು ನೋಡಲು ಒಂದು ಕಾವಲು ಪ್ರೋಗ್ರಾಮು. ಅದು ಅರ್ಧ ನಿಮಿಷಕ್ಕೊಮ್ಮೆ ಡೇಟಾಬೇಸನ್ನು 'ಇದ್ದೀಯಾ?' ಎಂದು ಕೇಳುತ್ತಿರುತ್ತದೆ. ಇಷ್ಟು ಗೊತ್ತಿದ್ದರೆ ಸಾಕು. ನನಗೂ ಆಗ ಇದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ವಡೋದರಾದ ಬೇಸಣು

ವಡೋದರಾದಲ್ಲಿ ಒಂದು ಔಷಧಿ ಕಂಪನಿ. ಅಲ್ಲಿನ ಕಂಪ್ಯೂಟರ್ ಮ್ಯಾನೇಜರಿಗೆ ಎಲ್ಲವೂ ಗೊತ್ತಾಗಬೇಕು. ಪೇಜರ್ ಬಂದ ಹೊಸತು, ಸೊಂಟದಲ್ಲಿ ಸಿಕ್ಕಿಸಿಕೊಂಡು ಊರೆಲ್ಲ ತಿರುಗುತ್ತಿದ್ದರು. ಡೇಟಾಬೇಸ್ ಬಿದ್ದರೆ ನಿಮ್ಮ ಪೇಜರಿಗೆ ಸುದ್ದಿ ಬರುವಂತೆ ಮಾಡಿದ್ದೇನೆ ಎಂದೆ. ಅವರಿಗೆ ತೃಪ್ತಿಯಿಲ್ಲ. ಸುದ್ದಿ ಬರದಿದ್ದರೆ ಅದು ಚೆನ್ನಾಗಿದೆಯೋ, ಸುದ್ದಿ ಕಳಿಸುವುದೇ ಸತ್ತಿದೆಯೋ ತಿಳಿಯುವುದು ಹೇಗೆ ಎಂದು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಹಾಗಾದರೆ ಬದುಕಿದ್ದರೂ ತಿಳಿಸಲೇ ಎಂದೆ. ತಿಳಿಸಿ ಎಂದರು. ಎಷ್ಟು ಹೊತ್ತಿಗೊಮ್ಮೆ ಎಂದೆ. ಆದಷ್ಟು ಬೇಗಬೇಗ ಎಂದರು.

ಗಿರಾಕಿ ಬಾಯಿಬಿಟ್ಟು ಕೇಳಿದ್ದನ್ನು ನಾನು ಎಂದೂ ಇಲ್ಲವೆಂದವನಲ್ಲ. ಎರಡು ನಿಮಿಷಕ್ಕೊಮ್ಮೆ 'ಇನ್ನೂ ಬದುಕಿದೆ' ಎಂದು ಇಂಗ್ಲಿಷಿನಲ್ಲಿ ಹೋಗುವಂತೆ ಮಾಡಿ ರೈಲು ಹತ್ತಿದೆ.

ಆ ಸಂಜೆ ಅವರ ಸಂಬಂಧಿಕರೊಬ್ಬರ ಬೇಸಣು ಇತ್ತು. ಗುಜರಾತಿನಲ್ಲಿ ಯಾರಾದರೂ ತೀರಿಕೊಂಡರೆ ಸಂಜೆ ಎಲ್ಲರೂ ಬಿಳಿ ಬಟ್ಟೆಯಲ್ಲಿ ಬಂದು, ಹೂ ಹಾಕಿದ ಫೋಟೋದ ಮುಂದೆ ಮಾತಿಲ್ಲದೆ ಒಂದಷ್ಟು ಹೊತ್ತು ಕೂತು ಹೋಗುತ್ತಾರೆ. ಆ ಮೌನದಲ್ಲಿ ಮ್ಯಾನೇಜರ ಸೊಂಟ ಕಿರ್ರೆಂದಿತು. ಒತ್ತಿ ನಿಲ್ಲಿಸಿದರು. ಎರಡು ನಿಮಿಷಕ್ಕೆ ಮತ್ತೆ ಕಿರ್ರೆಂದಿತು. ನಾಲ್ಕನೆಯ ಸಲಕ್ಕೆ ಪಕ್ಕದಲ್ಲಿದ್ದ ಮನೆಯ ಹಿರಿಯ ಕಾಕಾ ಕೈಚಾಚಿ ಪೇಜರ್ ಇಸಿದುಕೊಂಡರು. ಆರಿಸುವುದು ಹೇಗೆಂದು ನೋಡಲು ಕನ್ನಡಕ ಏರಿಸಿದರು. ಕಿವಿ ಮಂದವಾದವರ ದನಿ ಯಾವಾಗಲೂ ದೊಡ್ಡದು. ಫೋಟೋದ ಕಡೆ ಒಮ್ಮೆ ನೋಡಿ, ಎಲ್ಲರಿಗೂ ಕೇಳುವಂತೆ ಗುಜರಾತಿಯಲ್ಲಿ ಓದಿ ಹೇಳಿದರು: "ಹಜೀ ಜೀವೇ ಛೇ. ಇನ್ನೂ ಬದುಕಿದ್ದಾರೆ ಅಂತ ಬರೆದಿದ್ದಾರೆ."

ತೀರಿಕೊಂಡವರ ಹೆಂಡತಿ ಎದ್ದು ನಿಂತರಂತೆ. ಇದು ನಾನು ಸೇರಿಸಿದ ಕಾಲು ಭಾಗದಲ್ಲಿ ಬರುತ್ತದೆ, ಆದರೂ ಎದ್ದು ನಿಂತಿರಲೇಬೇಕು.

ಮರುದಿನ ನಮ್ಮ ಸಾಹೇಬರು ನನ್ನನ್ನು ಕರೆದು, ನೀವು ಸ್ವಲ್ಪ ದಿನ ಸೂರತ್‌ನಲ್ಲಿರಿ, ಅಲ್ಲಿ ಕೆಡಿಸಲು ಏನೂ ಇಲ್ಲ ಎಂದರು.

ಇಬ್ಬರು ಅಣ್ಣತಮ್ಮಂದಿರು, ಒಂದು ಗಾದಿ

ಸೂರತ್‌ನ ಕತಾರ್‌ಗಾಮ್‌ನಲ್ಲಿ ಒಂದು ಸೀರೆ ಪ್ರಿಂಟಿಂಗ್ ಮಿಲ್ಲು. ಮಾಲೀಕರು ಇಬ್ಬರು ಅಣ್ಣತಮ್ಮಂದಿರು. ಅಣ್ಣನನ್ನು ಎಲ್ಲರೂ ಮೋಟಾಭಾಯಿ ಎನ್ನುತ್ತಿದ್ದರು, ತಮ್ಮನನ್ನು ನಾನಾಭಾಯಿ. ಗುಜರಾತಿಯಲ್ಲಿ ದೊಡ್ಡಣ್ಣ, ಚಿಕ್ಕಣ್ಣ ಎಂದ ಹಾಗೆ. ಅವರಲ್ಲಿಗೆ ಎರಡು ಯಂತ್ರಗಳು ಬಂದಿದ್ದವು. ಎರಡು ಯಾಕೆ ಎಂಬುದು ಮೋಟಾಭಾಯಿಯ ಪ್ರಶ್ನೆ.

ಅಲ್ಲಿ ನನಗಿಂತ ಮೊದಲೇ ಇದ್ದವನು ನಮ್ಮ ಕಂಪನಿಯ ಇನ್ನೊಬ್ಬ ಎಂಜಿನಿಯರ್. ಕಂಪನಿಯಲ್ಲಿ ಕನ್ನಡದವರು ನಾವಿಬ್ಬರೇ. ಒಬ್ಬರನ್ನೊಬ್ಬರು ಊರಿನ ಹೆಸರಿನಿಂದ ಕರೆದುಕೊಳ್ಳುತ್ತಿದ್ದೆವು. ಅವನು ಕುಂದಾಪುರ, ನಾನು ದಾವಣಗೆರೆ. ಕುಂದಾಪುರ ಕೆಲಸದಲ್ಲಿ ಅಚ್ಚುಕಟ್ಟು, ಮಾತಿನಲ್ಲಿ ಸೊನ್ನೆ. ಹಾಗಾಗಿ ವಿವರಿಸುವ ಕೆಲಸ ನನಗೆ ಬಂತು.

"ಮೋಟಾಭಾಯಿ, ಮಧ್ಯಾಹ್ನ ಒಂದರಿಂದ ನಾಲ್ಕು ನೀವು ಊಟಕ್ಕೆ ಹೋಗಿ ಮಲಗುತ್ತೀರಿ. ಆಗ ಗಾದಿ ಮೇಲೆ ಯಾರು ಕೂರುತ್ತಾರೆ?"

"ನಾನಾಭಾಯಿ."

"ಗಾದಿ ಎಷ್ಟು?"

"ಒಂದೇ."

ಅಷ್ಟೇ ಕ್ಲಸ್ಟರ್ ಎಂದೆ. ನೀವಿಲ್ಲ ಎಂದು ನಾನಾಭಾಯಿಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದ್ದಕ್ಕೆ, ಗಾಜಿನ ಗೋಡೆಯ ಆಚೆ ಕೂತಿದ್ದ ನಾನಾಭಾಯಿಯೇ ಉತ್ತರ ಕೊಟ್ಟರು. ಅಣ್ಣನಿಗೆ ಬಣ್ಣದ ಧೂಳಿನಿಂದ ಸದಾ ಕೆಮ್ಮು. ಕೆಮ್ಮು ಕೇಳುವವರೆಗೆ ಅಣ್ಣ ಇದ್ದಾನೆ. ನಿಂತರೆ ಹೋಗಿದ್ದಾನೆ, ತಾನು ಹೋಗಿ ಕೂರಬೇಕು. ನಮ್ಮ ಎರಡು ಯಂತ್ರಗಳ ನಡುವಿನ ಕೇಬಲ್ಲಿನ ಮೇಲೂ ಅದೇ ಕೆಮ್ಮು ಹರಿದಾಡುತ್ತದೆ ಎಂದೆ. ಇಬ್ಬರಿಗೂ ಸಂತೋಷವಾಯಿತು.

ಆಮೇಲೆ ನಾನಾಭಾಯಿ ತಲೆ ಕೆರೆದುಕೊಂಡರು. ಹೋದ ದೀಪಾವಳಿಯ ಹೊತ್ತಿಗೆ ಅಣ್ಣ ವೈದ್ಯರಿಂದ ಔಷಧಿ ತಂದು ಕುಡಿದ. ಕೆಮ್ಮು ನಿಂತುಹೋಯಿತು. ತಾನು ಬಂದು ಗಾದಿಯ ಇನ್ನೊಂದು ಅಂಚಿನಲ್ಲಿ ಕೂತು, ಬಾಗಿಲಲ್ಲಿದ್ದ ವ್ಯಾಪಾರಿಗೆ ಹಸಿರು ಸೀರೆ ಕಳಿಸುತ್ತೇನೆಂದು ಹೇಳಿದ್ದಾಯಿತು. ಅಣ್ಣ ಈ ಅಂಚಿನಿಂದ ಅದೇ ವ್ಯಾಪಾರಿಗೆ ಕೆಂಪು ಸೀರೆ ಕಳಿಸುತ್ತೇನೆಂದ. ಎರಡೂ ಹೋದವು. "ನಿಮ್ಮ ಯಂತ್ರ ಔಷಧಿ ಕುಡಿದರೆ?"

ನನಗೆ ತರಬೇತಿ ಕೊಟ್ಟವರು ಈ ರೋಗವನ್ನು ಮೂರು ದಿನ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ್ದರು. ಆಗ ಅರ್ಥವಾಗಿರಲಿಲ್ಲ. ಕುಂದಾಪುರ ಚೀಲದಿಂದ ಎರಡನೆಯ ಕೇಬಲ್ ತೆಗೆದು ಸಿಕ್ಕಿಸಿದ. ಒಂದರಲ್ಲಿ ಕೆಮ್ಮು ಕೇಳದಿದ್ದರೆ ಇನ್ನೊಂದರಲ್ಲಿ ಕೇಳುತ್ತದೆ. ಆವತ್ತಿನಿಂದ ಮಿಲ್ಲಿನಲ್ಲಿ ಅವನೇ ದೊಡ್ಡ ಎಂಜಿನಿಯರ್, ನಾನು ಅವನ ಜೊತೆ ಬಂದವನು.

ಪರ್ಮನೆಂಟ್ ಉಂಟಾ?

ಮೋಟಾಭಾಯಿ ಷರತ್ತು ಹಾಕಿದರು. ಮೂವತ್ತು ದಿನ ಡೇಟಾಬೇಸ್ ನಿಲ್ಲದೆ ನಡೆದರೆ ಒಪ್ಪಿಗೆ ಪತ್ರಕ್ಕೆ ಸಹಿ. ಮಧ್ಯೆ ನಿಂತರೆ ಎಣಿಕೆ ಮತ್ತೆ ಒಂದರಿಂದ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಕುಂಕುಮದ ಬೊಟ್ಟು ಅವರೇ ಇಡುತ್ತಿದ್ದರು.

ರಿಪೇರಿಗೆಂದು ನಾವೇ ನಿಲ್ಲಿಸಿದರೆ ಹೇಗೆ ಎಂದು ಕುಂದಾಪುರ ಕೇಳಿದ. ಅದಕ್ಕೊಂದು ವ್ಯವಸ್ಥೆ ಇದೆ, ಮೈಂಟೆನೆನ್ಸ್ ಮೋಡ್. ನಾವು ಕೈಹಾಕಿದ್ದೇವೆ, ಉತ್ತರ ಬರದಿದ್ದರೂ ಗಾಬರಿಯಾಗಬೇಡ, ಎರಡನೆಯದನ್ನು ಎಬ್ಬಿಸಬೇಡ ಎಂದು ಕಾವಲಿಗೆ ಮೊದಲೇ ಹೇಳಿ ಸುಮ್ಮನಾಗಿಸುವುದು. ಮೋಟಾಭಾಯಿಗೆ ನಾನು ಬಿಡಿಸಿ ಹೇಳಿದೆ: ನೀವು ಕ್ಷೌರಕ್ಕೆ ಕೂತಿದ್ದೀರಿ. ಕೆಮ್ಮಿದರೆ ಕತ್ತಿ ತಗಲುತ್ತದೆ, ಅದಕ್ಕೆ ಕೆಮ್ಮುವುದಿಲ್ಲ. ಇವತ್ತು ಕ್ಷೌರ, ಬಂದು ಕೂರಬೇಡ ಎಂದು ತಮ್ಮನಿಗೆ ಮೊದಲೇ ಹೇಳಿಟ್ಟಿರುತ್ತೀರಿ. ಸರಿ, ಆದರೆ ಕ್ಷೌರ ಮಾಡಿದ ದಿನವೆಲ್ಲ ರಿಜಿಸ್ಟರಿನಲ್ಲಿ ಬರೆಯಬೇಕು ಎಂದರು ಮೋಟಾಭಾಯಿ. ಆ ಮಿಲ್ಲಿನಲ್ಲಿ ಎಲ್ಲಕ್ಕೂ ರಿಜಿಸ್ಟರು. ಗೇಟಿನಲ್ಲಿ ಹಾಲಿನವನು ಬಂದು ಹೋಗಿದ್ದಕ್ಕೂ ಒಂದು. ಪ್ರತಿ ಪುಟಕ್ಕೂ ಮೋಟಾಭಾಯಿಯ ಸಹಿ. ಓದಿ ಮಾಡುತ್ತಿದ್ದರೋ ಹಾಗೆಯೇ ಮಾಡುತ್ತಿದ್ದರೋ ಎಂದು ನಾನು ಯೋಚಿಸಲಿಲ್ಲ. ಯೋಚಿಸಬೇಕಿತ್ತು.

ಈ ಮೂವತ್ತು ಬೊಟ್ಟುಗಳ ಮೇಲೆ ಕುಂದಾಪುರನ ಬದುಕು ನಿಂತಿತ್ತು. ಅವನದು ಇನ್ನೂ ಪ್ರೊಬೇಷನ್. ಆ ಪತ್ರ ಬಂದರೆ ಕೆಲಸ ಪರ್ಮನೆಂಟ್ ಎಂದು ಸಾಹೇಬರು ಹೇಳಿದ್ದರು. ಪರ್ಮನೆಂಟ್ ಆದರೆ ಹೆಣ್ಣು ಕೊಡುತ್ತೇನೆಂದು ಹೋಟೆಲ್ ಯಜಮಾನರು ಹೇಳಿದ್ದರು. ಹೋಟೆಲ್ ಯಜಮಾನರೆಂದರೆ ಅಡಾಜಣ್‌ನಲ್ಲಿ ಉಡುಪಿ ಹೋಟೆಲ್ ನಡೆಸುತ್ತಿದ್ದ ಕರಾವಳಿಯವರು. ನಮ್ಮಿಬ್ಬರಿಗೂ ಎರಡು ಹೊತ್ತಿನ ಅನ್ನ ಅಲ್ಲೇ. ಅವರ ಮಗಳು ಇದೇ ಮಿಲ್ಲಿನ ಆಫೀಸಿನಲ್ಲಿ ಡೇಟಾ ಎಂಟ್ರಿ ಮಾಡುತ್ತಿದ್ದಳು. ಸೂರತ್‌ನಲ್ಲೇ ಬೆಳೆದವಳು. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುವುದೆಲ್ಲ ಗುಜರಾತಿ. ಇವನು ಕನ್ನಡದಲ್ಲಿ ಕೇಳಿದರೆ ಅವಳು ಗುಜರಾತಿಯಲ್ಲಿ ಉತ್ತರ ಕೊಡುತ್ತಿದ್ದಳು. ಇವನಿಗೆ ಆ ಭಾಷೆ ಬಾರದು, ಆದರೂ ಗಂಟೆಗಟ್ಟಲೆ ಕೇಳುತ್ತಿದ್ದ.

ನಾನು ಅವನ ಪರವಾಗಿ ಯಜಮಾನರ ಹತ್ತಿರ ಮಾತು ತೆಗೆದೆ. ಹುಡುಗ ಚಿನ್ನ, ಕೆಲಸ ಚಿನ್ನ, ನಿಮ್ಮ ಸಾಂಬಾರೂ ಚಿನ್ನ ಎಂದೆ. ಅವರು ಇನ್ನೊಂದು ಸೌಟು ಸಾಂಬಾರು ಹಾಕಿ ಕೇಳಿದರು. "ಅದೆಲ್ಲ ಸರಿ ಮಾರಾಯ್ರೇ. ಪರ್ಮನೆಂಟ್ ಉಂಟಾ?"

ಮೂರನೆಯ ದಿನ

ಮೂರನೆಯ ಬೊಟ್ಟು ಒಣಗಿರಲಿಲ್ಲ. ಮಧ್ಯಾಹ್ನ ಹನ್ನೊಂದು ಜನ ಒಟ್ಟಿಗೆ ಸೀರೆ ನಂಬರು ತುಂಬಲು ಕೂತರು. ಡೇಟಾಬೇಸಿಗೆ ಕೈತುಂಬ ಕೆಲಸ. ಕಾವಲು ಬಂದು 'ಇದ್ದೀಯಾ?' ಎಂದಿತು. ಅದಕ್ಕೆ ಉತ್ತರ ಕೊಡಲು ಪುರುಸೊತ್ತಿಲ್ಲ. ಮತ್ತೆ ಕೇಳಿತು, ಮತ್ತೆ ಇಲ್ಲ. ಮೂರು ಸಲ ಕೇಳಿದ ಕಾವಲು, ಸತ್ತೇಹೋಯಿತೆಂದು ತೀರ್ಮಾನಿಸಿ, ಗಟ್ಟಿಮುಟ್ಟಾಗಿ ದುಡಿಯುತ್ತಿದ್ದ ಡೇಟಾಬೇಸನ್ನು ಇಲ್ಲಿ ನಿಲ್ಲಿಸಿ ಎರಡನೆಯ ಯಂತ್ರದಲ್ಲಿ ಎಬ್ಬಿಸಿತು. ಎರಡು ನಿಮಿಷ ಎಲ್ಲರ ಸ್ಕ್ರೀನೂ ಸ್ತಬ್ಧ.

ಮೋಟಾಭಾಯಿ ಒದ್ದೆ ಬಟ್ಟೆ ತಂದು ಮೂರೂ ಬೊಟ್ಟು ಒರೆಸಿದರು.

ಕುಂದಾಪುರ ಊಟ ಬಿಟ್ಟ. ಡೇಟಾಬೇಸ್ ಬೀಳಲಿಲ್ಲ, ನಮ್ಮ ಕಾವಲೇ ಅದನ್ನು ಕೆಡವಿತು ಎಂಬುದು ಅವನ ಸಂಕಟ. ಕಾವಲು ಉತ್ತರಕ್ಕೆ ಕಾಯುವ ಹೊತ್ತನ್ನು ಜಾಸ್ತಿ ಮಾಡಿದರಾಯಿತು ಎಂದೆ. ಡೇಟಾಬೇಸನ್ನು ಮೊದಲ ಯಂತ್ರಕ್ಕೆ ವಾಪಸು ತಂದು ಅಲ್ಲಿ ಜಾಸ್ತಿ ಮಾಡಿದ. ಮುಂದೇನು ಮಾಡಿದನೆಂದು ನಾನು ನೋಡಲಿಲ್ಲ. ಅವನ ಪಾಲಿನ ಊಟ ಎಲೆಯಲ್ಲೇ ಇತ್ತು, ಯಾರಾದರೂ ಉಣ್ಣಬೇಕಿತ್ತಲ್ಲ.

ಸಾಹೇಬರ ಪಟ

ಹೊಸ ಎಣಿಕೆಯ ಒಂಬತ್ತನೆಯ ದಿನ ಉತ್ತರಾಯಣ. ನಮ್ಮಲ್ಲಿ ಎಳ್ಳುಬೆಲ್ಲ ಬೀರುವ ಹೊತ್ತಿಗೆ ಅಹಮದಾಬಾದ್ ಇಡೀ ಊರು ಮಹಡಿ ಮೇಲೆ ಹತ್ತಿ ಗಾಳಿಪಟ ಬಿಡುತ್ತದೆ. ನಾನು ಹಬ್ಬಕ್ಕೆ ಮನೆಗೆ ಬಂದಿದ್ದೆ. ಸಾಹೇಬರು ಪಟದಲ್ಲಿ ಶೂರರು. ಪ್ರತಿ ಪಟದ ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ ಸಹಿ ಹಾಕುತ್ತಿದ್ದರು, ಪಟ ಕಳೆದುಕೊಂಡವರಿಗೆ ಯಾರು ಕಡಿದರೆಂದು ತಿಳಿಯಲಿ ಎಂದು. ಆಫೀಸಿನ ಮಹಡಿ ಮೇಲೆ ಅವರು ದಾರ ಎಳೆಯುತ್ತಿದ್ದರು, ನಾನು ದಾರ ಸುತ್ತಿದ ಫಿರ್ಕಿ ಹಿಡಿದಿದ್ದೆ.

ಕೆಳಗೆ ಆಫೀಸಿನಲ್ಲಿ ಗಂಟೆ ಹೊಡೆಯಿತು. ಅಲ್ಲೊಂದು ಕಂಪ್ಯೂಟರು ಹತ್ತು ನಿಮಿಷಕ್ಕೊಮ್ಮೆ ಫೋನಿನ ಮೂಲಕ ಸೂರತ್‌ಗೆ ಕರೆ ಮಾಡಿ ವಿಚಾರಿಸಿಕೊಳ್ಳುತ್ತಿತ್ತು. ಓಡಿ ಹೋಗಿ ನೋಡಿದರೆ 'ಸೂರತ್ ಉತ್ತರಿಸುತ್ತಿಲ್ಲ' ಎಂದು ಕೆಂಪಾಗಿ ಬರೆದಿದೆ. ಸಾಹೇಬರ ಮುಖ ಇಳಿಯಿತು. ಪಾಪ ಹುಡುಗ ಎಂದರು. ಆದರೂ ನಿಯಮವಾದಿ. ಪುಸ್ತಕ ತೆಗೆದು, ಸೂರತ್ ನಿಂತಿದೆ, ಎಣಿಕೆ ಮತ್ತೆ ಒಂದರಿಂದ ಎಂದು ಬರೆದೇಬಿಟ್ಟರು.

ಫೋನ್ ಎತ್ತಿದರೆ ಜೀವವಿಲ್ಲ. ಬೀದಿ ಕೊನೆಯ ಎಸ್‌ಟಿಡಿ ಬೂತಿಗೆ ಓಡಿದೆ. ಸೂರತ್‌ನ ಮಿಲ್ಲಿಗೆ ರಜ, ಆದರೆ ಕುಂದಾಪುರ ಒಬ್ಬನೇ ಯಂತ್ರದ ಮುಂದೆ ಕೂತಿದ್ದ. ಏನಾಯಿತೆಂದು ಕೇಳಿದೆ.

"ಇಲ್ಲಿ ಎಲ್ಲ ಸರಿ ಉಂಟು. ನಿಮ್ಮ ಕಡೆ ಯಾರು ಸತ್ತದ್ದು?"

ವಾಪಸು ಬಂದು ಸಾಹೇಬರೂ ನಾನೂ ಫೋನಿನ ತಂತಿಯನ್ನು ಕಿಟಕಿಯಿಂದ ಹಿಡಿದು ಕಂಬದವರೆಗೆ ಕಣ್ಣಲ್ಲೇ ಸವರಿಕೊಂಡು ಹೋದೆವು. ಕಂಬದ ಬಳಿ ಜೋಡಣೆ ಕಿತ್ತು ನೇತಾಡುತ್ತಿತ್ತು. ಅದಕ್ಕೆ ಒಂದು ಪಟ ಸುತ್ತಿಕೊಂಡಿತ್ತು. ಸಿಕ್ಕಿಬಿದ್ದ ಪಟವನ್ನು ಯಾರೋ ಬಲವಾಗಿ ಎಳೆದಿದ್ದರು. ಎಳೆಯಿರಿ ಸಾಹೇಬ್ರೇ, ಇನ್ನೂ ಎಳೆಯಿರಿ ಎಂದವರು ಯಾರು ಎಂಬುದು ಈ ಪ್ರಸಂಗಕ್ಕೆ ಮುಖ್ಯವಲ್ಲ. ಪಟದ ಮೂಲೆಯ ಸಹಿ ಬೀದಿಯಿಂದಲೇ ಓದಬಹುದಾಗಿತ್ತು.

ಸಾಹೇಬರು ಒಳಗೆ ಹೋಗಿ ಪುಸ್ತಕದಲ್ಲಿ ಬರೆದಿದ್ದನ್ನು ಹೊಡೆದು ಹಾಕಿದರು. ಹೊಡೆದು ಹಾಕಿದ್ದರ ಪಕ್ಕ ಸಹಿ ಮಾಡಬೇಕೆಂಬುದು ನಿಯಮ. ಪಟದ ಮೇಲಿದ್ದ ಅದೇ ಸಹಿ ಮಾಡಿದರು.

ಕೆಂಪು ಅಕ್ಷರ

ಇಪ್ಪತ್ತನೆಯ ದಿನ ನಾನೊಂದು ಕೆಲಸ ಮಾಡಿದೆ. ಹೇಳಿಕೊಳ್ಳುವಂಥದ್ದಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಕುಂದಾಪುರ ದಿನವಿಡೀ ಸ್ಕ್ರೀನ್ ನೋಡುತ್ತಾ ಕೂತು ಕೂತು ಬಾಡಿಹೋಗಿದ್ದ. ಅವನನ್ನು ಸ್ವಲ್ಪ ನಗಿಸೋಣ ಎನಿಸಿತು. ಅವನು ತಿಂಡಿಗೆ ಹೋದಾಗ, ಸ್ಕ್ರೀನಿನ ಮೇಲೆ 'ಡೇಟಾಬೇಸ್ ಸತ್ತಿದೆ' ಎಂದು ದೊಡ್ಡ ಕೆಂಪು ಅಕ್ಷರ ಬರುವ ಪುಟ್ಟ ಪ್ರೋಗ್ರಾಮು ಬರೆದಿಟ್ಟು, ಹೋಟೆಲಿಗೆ ಫೋನ್ ಮಾಡಿ ಬೇಗ ಬಾ ಎಂದೆ. ತಾಪಿ ನದಿಯ ಆಚೆ ದಡದಿಂದ ಆಟೋದಲ್ಲಿ ಬಂದ. ಬಲಗೈಯಲ್ಲಿ ಅರ್ಧ ಇಡ್ಲಿ ಹಾಗೇ ಇತ್ತು. ಸ್ಕ್ರೀನ್ ನೋಡಿ ನೆಲಕ್ಕೆ ಕುಸಿದು ಕೂತ. ನಾನು ಬೀರುವಿನ ಹಿಂದಿನಿಂದ ಹೊರಬಂದು ನಕ್ಕೆ. ಅವನು ನಗಲಿಲ್ಲ. ಕೈಯಲ್ಲಿದ್ದ ಇಡ್ಲಿಯನ್ನು ನೋಡಿ ನಿಧಾನವಾಗಿ ತಿಂದ.

ಗಾಜಿನ ಆಚೆ ಮೋಟಾಭಾಯಿ ನಿಂತಿದ್ದರು. ಎಲ್ಲ ನೋಡಿದ್ದರು. ನನ್ನ ಕಡೆ ನೋಡಿ ಒಮ್ಮೆ ಕೆಮ್ಮಿ ಹೋದರು.

ಪ್ಲಗ್ಗು

ಮೂವತ್ತನೆಯ ಬೊಟ್ಟು ಬಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಸಹಿ ಎಂದರು. ಹೋಟೆಲ್ ಯಜಮಾನರು ಕಣ್ಣಾರೆ ನೋಡಲು ಒಂದು ಡಬ್ಬಿ ಕೇಸರಿಬಾತು, ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಬಂದಿದ್ದರು. ಯಂತ್ರದ ಕೋಣೆಯಲ್ಲಿ ಇಬ್ಬರು ಭಾಯಿಗಳು, ಯಜಮಾನರು, ಕುಂದಾಪುರ, ನಾನು. ಸೂರತ್‌ನಲ್ಲಿ ಫೆಬ್ರವರಿಗೇ ಬೆವರು. ಒಂದು ಏಸಿ ಗುರುಗುಟ್ಟುತ್ತಿತ್ತು, ಸಾಲದೆಂದು ಮೂಲೆಯಲ್ಲಿ ನಿಂತ ಉದ್ದ ಕಾಲಿನ ಫ್ಯಾನು ಭರ್ರೆಂದು ತಿರುಗುತ್ತಿತ್ತು.

ಮೋಟಾಭಾಯಿ ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಹಾಕಿದರು. ಮೊದಲ ಯಂತ್ರ ಮೂವತ್ತು ದಿನ ದುಡಿದಿದ್ದು ನೋಡಿದ್ದೇನೆ, ಅಷ್ಟೂ ದಿನ ಎರಡನೆಯದು ಸುಮ್ಮನೆ ಕೂತಿದ್ದನ್ನು ಮಾತ್ರ ನೋಡಿದ್ದೇನೆ ಎಂದರು. ನಾನಾಭಾಯಿಗೆ ಇದು ಯಾಕೋ ತಾಗಿತು. ಒಂದು ಸಲ ಮೊದಲನೆಯದರ ಪ್ಲಗ್ ನಾನೇ ಕೀಳುತ್ತೇನೆ, ಎರಡನೆಯದು ಏಳಲಿ, ಸಹಿ ಮಾಡುತ್ತೇನೆ ಎಂದರು ಮೋಟಾಭಾಯಿ.

ಕೀಳಿ, ಅದಕ್ಕೇ ಇರುವುದು ಎಂದು ನಾನು ಎದೆಯುಬ್ಬಿಸಿದೆ. ಪಕ್ಕದಲ್ಲಿ ಕುಂದಾಪುರ ನನ್ನ ಅಂಗಿಯ ತೋಳು ಹಿಡಿದ. ಸುತ್ತ ಗುಜರಾತಿಯವರಿದ್ದಾಗ ನಮ್ಮ ಗುಟ್ಟಿನ ಭಾಷೆ ಕನ್ನಡ. ಆ ಧೈರ್ಯದಲ್ಲಿ ಹೇಳಿದ.

"ಅದು ಮೈಂಟೆನೆನ್ಸ್ ಮೋಡಿನಲ್ಲಿ ಉಂಟು."

"ಯಾವತ್ತಿನಿಂದ?"

"ಆ ಮೂರನೆಯ ದಿನದಿಂದ. ಮತ್ತೆ ಸುಮ್ಮಸುಮ್ಮನೆ ಕೆಡವಿದರೆ ಎಂತ ಮಾಡುವುದು ಅಂತ ಹೆದರಿಕೆ ಆಯ್ತು."

ಅಂದರೆ ಮೂವತ್ತು ದಿನವೂ ಮೋಟಾಭಾಯಿ ಕ್ಷೌರಕ್ಕೆ ಕೂತಿದ್ದರು. ನಾನಾಭಾಯಿ ಬರುವ ಹಾಗೇ ಇರಲಿಲ್ಲ. ಈಗ ಪ್ಲಗ್ ಕಿತ್ತರೆ ಮೊದಲನೆಯದು ಬೀಳುತ್ತದೆ, ಎರಡನೆಯದು ನೋಡುತ್ತಾ ಕೂರುತ್ತದೆ. ಪತ್ರ ಹೋಯಿತು, ಪರ್ಮನೆಂಟ್ ಹೋಯಿತು, ಹುಡುಗಿ ಹೋದಳು. ನನ್ನ ಹಿಂದೆ ಡಬ್ಬಿಯ ಮುಚ್ಚಳ ಟಪ್ಪೆಂದು ಮುಚ್ಚಿಕೊಂಡಿತು. ತಿರುಗಿ ನೋಡಿದೆ. ಗುಟ್ಟಿನ ಭಾಷೆ ಅಲ್ಲಿ ಇನ್ನೊಬ್ಬರಿಗೂ ಬರುತ್ತಿತ್ತು.

ಎಷ್ಟು ಹೊತ್ತು ಬೇಕೆಂದು ಕುಂದಾಪುರನನ್ನು ಕೇಳಿದೆ. ಕಾವಲು ಕಾಯುವ ಹೊತ್ತನ್ನು ಎರಡನೆಯ ಯಂತ್ರದಲ್ಲೂ ಸರಿಮಾಡಿ ಮೋಡ್ ತೆಗೆಯಲು ಹತ್ತು ನಿಮಿಷ ಎಂದ. ಇಂಥ ಹೊತ್ತಿನಲ್ಲಿ ನನಗೆ ಬುದ್ಧಿ ಬರುತ್ತದೆ, ಉಳಿದ ಹೊತ್ತಿನಲ್ಲಿ ಏನಾಗುತ್ತದೋ ತಿಳಿಯದು.

"ಮೋಟಾಭಾಯಿ, ಇದು ಯಾವ ಚೋಘಡಿಯಾ?"

ನಮಗೆ ರಾಹುಕಾಲ ಇದ್ದ ಹಾಗೆ ಅವರಿಗೆ ಚೋಘಡಿಯಾ. ದಿನವನ್ನು ಶುಭ, ಲಾಭ, ಕಾಳ ಎಂದು ಒಂದೂವರೆ ಗಂಟೆಯ ತುಂಡುಗಳಾಗಿ ಮಾಡಿಟ್ಟಿದ್ದಾರೆ. ಕೆಟ್ಟ ತುಂಡಿನಲ್ಲಿ ಯಾವ ಸೇಠ್ ಕೂಡ ಹೊಸ ಬೀಗ ತೆರೆಯುವುದಿಲ್ಲ. ಮೋಟಾಭಾಯಿ ಕ್ಯಾಲೆಂಡರಿನ ಮೇಲೆ ಬೆರಳಾಡಿಸಿದರು. ಕಾಳ ನಡೆಯುತ್ತಿದೆ, ಇನ್ನು ಹನ್ನೆರಡು ನಿಮಿಷಕ್ಕೆ ಶುಭ ಎಂದರು. ಕಾಯೋಣ ಎಂದೆ. ಕಾಯಬೇಕಾದ್ದೇ ಎಂದರು. ಕುಂದಾಪುರ ಕೀಲಿಮಣೆಯ ಮುಂದೆ ಕೂತ. ನಾನು ಅವನಿಗೆ ಅಡ್ಡವಾಗಿ ನಿಂತು ಯಂತ್ರಗಳ ಮಹಿಮೆ ಹೇಳತೊಡಗಿದೆ.

ಐದನೆಯ ನಿಮಿಷಕ್ಕೆ ನಾನಾಭಾಯಿ ತಮ್ಮ ಕೈಗಡಿಯಾರ ನೋಡಿ, ಶುಭ ಬಂತು ಎಂದರು. ಅವರ ಗಡಿಯಾರ ಏಳು ನಿಮಿಷ ಮುಂದೆ. ಇಡೀ ಮಿಲ್ಲಿಗೆ ಗೊತ್ತಿದ್ದ ಸಂಗತಿ. ಮೋಟಾಭಾಯಿ ಮಾತ್ರ ತಮ್ಮನ ಮಾತನ್ನು ಜೀವನದಲ್ಲಿ ಮೊದಲ ಸಲ ಕೇಳಿದಂತೆ, ಹಾಗಾದರೆ ಸರಿ ಎಂದು ಯಂತ್ರಗಳ ಹಿಂದೆ ಹೋಗಿ ಬಗ್ಗಿದರು. ಕುಂದಾಪುರನ ಬೆರಳು ಇನ್ನೂ ಓಡುತ್ತಲೇ ಇತ್ತು. ನಾನು ಕಣ್ಣು ಮುಚ್ಚಿದೆ.

ಭರ್ರೆನ್ನುತ್ತಿದ್ದ ಸದ್ದು ಗಕ್ಕನೆ ನಿಂತಿತು.

ಒಂದು ಕ್ಷಣ ಕಾದೆ. ಹೊರಗಿನ ಆಫೀಸಿನಿಂದ ಕೀಲಿ ಒತ್ತುವ ಟಕಟಕ ಹಾಗೆಯೇ ಬರುತ್ತಿತ್ತು. ಯಾರೂ ನಿಲ್ಲಿಸಿರಲಿಲ್ಲ. ಕಣ್ಣು ಬಿಟ್ಟೆ. ಹೇಗೋ ಕುಂದಾಪುರ ಮುಗಿಸಿಬಿಟ್ಟಿದ್ದಾನೆ ಎಂದುಕೊಂಡೆ. ಮೈಯಲ್ಲಿ ರಕ್ತ ಮತ್ತೆ ಹರಿಯಿತು, ರಕ್ತದ ಜೊತೆ ಮಾತೂ ಹರಿಯಿತು. ನೋಡಿದಿರಾ ಮೋಟಾಭಾಯಿ, ಮೊದಲನೆಯದು ಸತ್ತಿದ್ದು ಯಾರಿಗಾದರೂ ತಿಳಿಯಿತೇ ಎಂದೆ. ಎರಡನೆಯದು ಒಂದು ಸೆಕೆಂಡೂ ಹಿಡಿಯದೆ ಎತ್ತಿಕೊಂಡಿತು ಎಂದೆ. ಅಮೆರಿಕದಲ್ಲೂ ಇಷ್ಟು ಬೇಗ ಆಗುವುದಿಲ್ಲ, ನಾವಿಬ್ಬರು ರಾತ್ರಿ ಹಗಲೆನ್ನದೆ ಒಂದೊಂದು ತಿರುಪು ತಿರುವಿದ್ದೇವೆ ಎಂದೆ. ಈ ಎರಡನೆಯ ಯಂತ್ರದ ಸ್ವಾಮಿನಿಷ್ಠೆಯ ಬಗ್ಗೆ ಒಂದೆರಡು ಮಾತಾಡಿದೆ. ಐದು ನಿಮಿಷವಾದರೂ ಆಗಿರಬೇಕು.

ಮೋಟಾಭಾಯಿ ಪ್ಲಗ್ ಕೈಯಲ್ಲಿ ಹಿಡಿದೇ ಪೂರ್ತಿ ಕೇಳಿದರು. ಆಮೇಲೆ ಧೋತಿಯ ಅಂಚಿನಿಂದ ಕುತ್ತಿಗೆ ಒರೆಸಿಕೊಂಡು ಶಾಂತವಾಗಿ ಹೇಳಿದರು.

"ಭಾಯ್, ತುಂಬ ಸೆಕೆ. ಈ ಫ್ಯಾನಿನ ಪ್ಲಗ್ ವಾಪಸು ಹಾಕಲೇ?"

ಮೂಲೆಯ ಫ್ಯಾನು ನಿಂತಿತ್ತು. ಎರಡೂ ಯಂತ್ರಗಳ ದೀಪಗಳು ಮಿಣುಕುತ್ತಲೇ ಇದ್ದವು. ನಾನಾಭಾಯಿ ಗೋಡೆ ಕಡೆ ತಿರುಗಿ ನಿಂತಿದ್ದರು, ಭುಜ ಕುಣಿಯುತ್ತಿತ್ತು. ನಾನು ಇಲ್ಲಿಯವರೆಗೆ ನಾಲ್ಕು ಊರುಗಳಲ್ಲಿ ಎಷ್ಟೋ ಜನರನ್ನು ಬೀಳಿಸಿದ್ದೇನೆ. ಹೀಗೆ ಹಳ್ಳದ ಅಂಚಿನಲ್ಲಿ ನಿಂತು ಹಳ್ಳವನ್ನೇ ಹೊಗಳಿ ಬಿದ್ದಿದ್ದು ಅದೊಂದೇ ಸಲ.

ಮೋಟಾಭಾಯಿ ಫ್ಯಾನ್ ಹಾಕಿ ಕುಂದಾಪುರನ ಕಡೆ ತಿರುಗಿದರು. ಮುಗಿಯಿತೇ ಎಂದು ಕೇಳಿದರು. ಅವನು ಎದ್ದು ನಿಂತ. ಮೂವತ್ತು ದಿನದಲ್ಲಿ ಕಲಿತ ಮುರುಕು ಗುಜರಾತಿಯಲ್ಲಿ, ಕೈಕಟ್ಟಿಕೊಂಡು, ಎಲ್ಲವನ್ನೂ ಹೇಳಿದ. ಮೂವತ್ತು ದಿನ ಕಾವಲು ಇರಲಿಲ್ಲ, ನಾನೇ ಸುಮ್ಮನಾಗಿಸಿದ್ದೆ, ತಪ್ಪು ನನ್ನದು, ಈಗ ಸರಿಮಾಡಿದ್ದೇನೆ, ಬೇಕಾದರೆ ಎಣಿಕೆ ಒಂದರಿಂದ ಹಿಡಿಯಿರಿ. ಹೀಗೆಂದು, ಯಾರೂ ಕೇಳದೆಯೇ ಮೊದಲ ಯಂತ್ರದ ಪ್ಲಗ್ಗನ್ನು ತಾನೇ ಕಿತ್ತ.

ಈ ಸಲ ಆಫೀಸಿನ ಟಕಟಕ ನಿಂತಿತು. ಮೋಟಾಭಾಯಿಗೆ ಕೆಮ್ಮು ಬಂದರೂ ತಡೆದುಕೊಂಡರು. ಎರಡನೆಯ ಯಂತ್ರದಲ್ಲಿ ಒಂದು ದೀಪ ಹತ್ತಿತು, ಇನ್ನೊಂದು ಹತ್ತಿತು, ಡಿಸ್ಕು ಕರಕರ ಎಂದಿತು. ಒಂದು ನಿಮಿಷ. ಒಂದೂವರೆ. ಯಜಮಾನರು ಡಬ್ಬಿಯನ್ನು ಎದೆಗವಚಿಕೊಂಡು ನಿಂತಿದ್ದರು. ಆಗ ಆಫೀಸಿನಿಂದ ಅವರ ಮಗಳ ದನಿ ಬಂತು. "ಆವೀ ಗಯುಂ." ಬಂತು ಎಂದು. ಟಕಟಕ ಮತ್ತೆ ಶುರುವಾಯಿತು.

ಮೋಟಾಭಾಯಿ ಸಹಿ ಮಾಡಿದರು. ನನಗೆ ತಡೆಯಲಾಗಲಿಲ್ಲ. ನಿಮಗೆ ಮೊದಲೇ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವರು ರಿಜಿಸ್ಟರ್ ತೆಗೆದು ಮುಂದಿಟ್ಟರು. ಮೂವತ್ತು ದಿನ, ಮೂವತ್ತು ಸಾಲು. ಪ್ರತಿ ಬೆಳಿಗ್ಗೆ ಕುಂದಾಪುರ ತನ್ನ ಹೊಸ ಗುಜರಾತಿಯಲ್ಲಿ ಸೊಟ್ಟಸೊಟ್ಟಗೆ ಬರೆದಿದ್ದ: ಇಂದು ಮೈಂಟೆನೆನ್ಸ್. ತಪ್ಪುಗಳನ್ನು ಯಾರೋ ಪೆನ್ಸಿಲಿನಲ್ಲಿ ಚೆಂದವಾಗಿ ತಿದ್ದಿದ್ದರು. ಯಾರೆಂದು ಯಜಮಾನರಿಗೆ ಅಕ್ಷರ ನೋಡಿದೊಡನೆ ತಿಳಿಯಿತು. ಪ್ರತಿ ಸಾಲಿನ ಕೆಳಗೂ ಮೋಟಾಭಾಯಿಯ ಸಹಿ.

ತನ್ನ ಹೆದರಿಕೆಯನ್ನು ದಿನಾ ನನ್ನ ಪುಸ್ತಕದಲ್ಲಿ ಬರೆದಿಡುವವನ ಪ್ಲಗ್ ನಾನ್ಯಾಕೆ ಕೀಳಲಿ ಎಂದರು ಮೋಟಾಭಾಯಿ. ಹಾಗಾದರೆ ಫ್ಯಾನಿನದು ಯಾಕೆ ಕಿತ್ತಿರಿ ಎಂದೆ.

"ಅದು ಆ ಇಡ್ಲಿಗೆ."

ಯಜಮಾನರು ಡಬ್ಬಿ ತೆರೆದು ಮೊದಲ ತುತ್ತು ಕೇಸರಿಬಾತನ್ನು ಕುಂದಾಪುರನ ಬಾಯಿಗೇ ಹಾಕಿದರು. ಪರ್ಮನೆಂಟ್ ಪತ್ರ ಬರಲಿ ಬಿಡಲಿ, ಇವನಿಗೆ ಸುಳ್ಳು ಹೇಳಲು ಬರುವುದಿಲ್ಲ, ನನಗೆ ಅಷ್ಟು ಸಾಕು ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಆದರೆ ನಮ್ಮ ಸಾಂಬಾರು ಚಿನ್ನ ಅಂತ ನೀವು ಹೇಳಿದ್ದನ್ನು ಇನ್ನು ನಾನು ನಂಬುವುದಿಲ್ಲ ಮಾರಾಯ್ರೇ" ಎಂದರು. ಆ ದಿನದಿಂದ ನನಗೆ ಒಂದೇ ಸೌಟು.

ಮದುವೆ ಸೂರತ್‌ನಲ್ಲೇ ಆಯಿತು. ಮೋಟಾಭಾಯಿ ಕಳಿಸಿದ್ದ ಉಡುಗೊರೆಯ ದೊಡ್ಡ ಪೆಟ್ಟಿಗೆಯನ್ನು ಮಂಟಪದಲ್ಲೇ ಬಿಚ್ಚಿದರು. ಒಳಗೆ ಒಂದೇ ತರಹದ ಎರಡು ಟೇಬಲ್ ಫ್ಯಾನುಗಳು. ಎರಡರ ನಡುವೆ ಒಂದು ಕೆಂಪು ದಾರ ಕಟ್ಟಿತ್ತು, ಅದರ ಪಕ್ಕದಲ್ಲೇ ಇನ್ನೊಂದು. ಜೊತೆಗಿದ್ದ ಚೀಟಿಯನ್ನು ಮದುಮಗಳು ನನ್ನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿ ಎಂದಳು, ಕನ್ನಡದಲ್ಲೇ. ಓದಿದೆ.

'ಒಂದು ನಿಂತರೆ ಇನ್ನೊಂದು ಒಂದು ಸೆಕೆಂಡೂ ಹಿಡಿಯದೆ ತಿರುಗುತ್ತದೆ. ತಿರುಗದಿದ್ದರೆ ಈ ಚೀಟಿ ಓದಿದವರನ್ನು ಕೇಳಿ.'